ಕುದುರೆಯ ಕಾಲಿಗೂ ಸವಾರನ ಸಾವಿಗೂ ಸಂಬಂಧವಿಲ್ಲ

ಕುದುರೆ ಮೇಲಿನ ಪ್ರತಿಮೆ ಮಾಡಿಸಲು ನನ್ನ ಹತ್ತಿರ ಬರುವ ಸಮಿತಿಯವರು ಎತ್ತರ ಎಷ್ಟು, ಖರ್ಚೆಷ್ಟು ಎಂದು ಕೇಳುವ ಮೊದಲೇ ಒಂದು ಮಾತು ಹೇಳುತ್ತಾರೆ. "ನಮ್ಮವರು ಯುದ್ಧದಲ್ಲೇ ತೀರಿಕೊಂಡದ್ದು ಸಾರ್, ಎರಡೂ ಮುಂಗಾಲು ಮೇಲಿರಬೇಕು." ಗಾಯದಿಂದ ಸತ್ತಿದ್ದರೆ ಒಂದು ಕಾಲಂತೆ, ಹಾಸಿಗೆಯಲ್ಲಿ ಸತ್ತಿದ್ದರೆ ನಾಲ್ಕೂ ನೆಲದ ಮೇಲಂತೆ. ವಾಟ್ಸಾಪ್‌ನಲ್ಲಿ ಸುತ್ತುವ ಈ ನಿಯಮಕ್ಕೆ ಬುಡವೇ ಇಲ್ಲ. ಎಷ್ಟು ಹೇಳಿದರೂ ಮುಂದಿನ ಸಮಿತಿ ಅದನ್ನೇ ಹಿಡಿದುಕೊಂಡು ಬರುತ್ತದೆ.

ಈಗ ವಾದ ಮಾಡುವುದಿಲ್ಲ. ಫೋನ್ ತೆಗೆದು ಸೇಂಟ್ ಪೀಟರ್ಸ್‌ಬರ್ಗ್‌ನ ಒಂದು ಪ್ರತಿಮೆ ತೋರಿಸುತ್ತೇನೆ. ರಷ್ಯಾದ ದೊರೆ ಒಂದನೇ ನಿಕೊಲಾಯ್, 1859ರದ್ದು. ಕುದುರೆ ಬರೀ ಹಿಂಗಾಲುಗಳ ಮೇಲೆ ನಿಂತಿದೆ. ದೊರೆ ರಣರಂಗದಲ್ಲಿ ಸತ್ತನಾ? ಇಲ್ಲ, 1855ರಲ್ಲಿ ಅರಮನೆಯಲ್ಲೇ, ನ್ಯುಮೋನಿಯಾದಿಂದ. ಅದೇ ಊರಿನಲ್ಲಿ ಅವನಿಗಿಂತ ಹಿಂದಿನ ದೊರೆ ಮಹಾ ಪೀಟರ್‌ನ ಕುದುರೆಯೂ 1782ರಿಂದ ಮುಂಗಾಲು ಎತ್ತಿಕೊಂಡೇ ಇದೆ. ಅವನೂ ಕಾಯಿಲೆಯಿಂದಲೇ ಹೋದವನು.

ನಿಕೊಲಾಯ್‌ನ ಕುದುರೆ ಮಾಡಿದವನು ಪೀಟರ್ ಕ್ಲೋಟ್. ಜರ್ಮನ್ ಮನೆತನದ ರಷ್ಯನ್, ಹುಟ್ಟಿದ್ದು 1805ರಲ್ಲಿ. ಅಪ್ಪ ರಷ್ಯಾದ ಸೇನೆಯಲ್ಲಿ ಜನರಲ್ ಆಗಿದ್ದ. ಹುಡುಗ ಬೆಳೆದದ್ದು ಸೈಬೀರಿಯಾದ ಓಮ್ಸ್ಕ್‌ನಲ್ಲಿ, ಮರದಲ್ಲಿ ಕುದುರೆ ಕೆತ್ತುತ್ತಾ. ಫಿರಂಗಿ ದಳದ ಕೆಲಸವನ್ನೂ ಬಿಟ್ಟು ಶಿಲ್ಪಕ್ಕೇ ಬಂದುಬಿಟ್ಟ. ಸೇಂಟ್ ಪೀಟರ್ಸ್‌ಬರ್ಗ್‌ನ ಆನಿಚ್ಕೊವ್ ಸೇತುವೆಯ ಕುದುರೆಗಳನ್ನು ಎರಕ ಹೊಯ್ಯಬೇಕಿದ್ದ ಎಕಿಮೋವ್ ತೀರಿಕೊಂಡಾಗ ಆ ಕೆಲಸವನ್ನೂ ತಾನೇ ವಹಿಸಿಕೊಂಡ. ನನಗೆ ಇವನು ಇಷ್ಟವಾಗುವುದು ಇದಕ್ಕೇ. ಮಣ್ಣಿನಲ್ಲಿ ಮಾಡಿ ಫೌಂಡ್ರಿಗೆ ಕಳಿಸಿ ಕೈತೊಳೆದುಕೊಂಡವನಲ್ಲ.

ಆ ಸೇತುವೆಯ ಕಥೆಯೂ ತಮಾಷೆಯಾಗಿದೆ. 1841ರಲ್ಲಿ ಒಂದು ಜೋಡಿ ಕಂಚಿನ ಕುದುರೆ ನಿಂತಿತು. ಎದುರು ಬದಿಗೆ ಬಣ್ಣ ಬಳಿದ ಪ್ಲಾಸ್ಟರ್ ಕುದುರೆಗಳು. ಅವುಗಳ ಜಾಗಕ್ಕೆಂದು ಎರಕ ಹೊಯ್ದ ಕಂಚಿನ ಜೋಡಿಯನ್ನು ದೊರೆ ಪ್ರಷ್ಯಾದ ರಾಜನಿಗೆ ಉಡುಗೊರೆ ಕೊಟ್ಟ. ಮತ್ತೊಂದು ಜೋಡಿ ನೇಪಲ್ಸ್‌ನ ರಾಜನಿಗೆ ಹೋಯಿತು. ಕೊನೆಗೆ ಕ್ಲೋಟ್ ಹಳೆಯದನ್ನೇ ಮತ್ತೆ ಮಾಡುವುದು ಬೇಡವೆಂದು ಹೊಸದಾಗಿ ಎರಡನ್ನು ಮಾಡಿದ. ಅಲ್ಲಿ ಕುದುರೆಗಳು ನೆಗೆಯುತ್ತಿವೆ, ಪಳಗಿಸುವವನು ಪಕ್ಕದಲ್ಲೇ ಹಗ್ಗ ಹಿಡಿದಿದ್ದಾನೆ. ಯಾರ ಸಾವಿನ ಲೆಕ್ಕ ಹಾಕೋಣ, ಹೇಳಿ?

ಕಾಲು ಎತ್ತುವುದು ಭಾರದ ಪ್ರಶ್ನೆ. ಕಂಚಿನ ಕುದುರೆ ಒಳಗೆ ಟೊಳ್ಳು. ಆದರೂ ಸವಾರ, ಕತ್ತು, ಎದೆ ಎಲ್ಲದರ ತೂಕ ಇಳಿಯುವುದು ಎರಡು ಗೊರಸಿನ ಮೂಲಕ. ತೂಕದ ನಡುಬಿಂದು ಗೊರಸಿನ ನೇರಕ್ಕೆ ಬರಬೇಕು. ಮುಂದಕ್ಕೆ ಸರಿದಷ್ಟೂ ಹಿಂಗಾಲಿನ ಸಂದುಗಳ ಮೇಲೆ ಒತ್ತಡ ಜಾಸ್ತಿ. ಜೊತೆಗೆ ಗಾಳಿ ಬೇರೆ ತಳ್ಳುತ್ತದೆ. ಮಹಾ ಪೀಟರ್‌ನ ಕುದುರೆಗೆ ಬಾಲ ಮೂರನೇ ಆಸರೆ, ಅದು ಕಾಲಡಿಯ ಹಾವಿಗೆ ತಾಗಿದೆ. ಕ್ಲೋಟ್‌ಗೆ ಆ ಉಪಾಯವೂ ಇರಲಿಲ್ಲ. ಹಿಂಗಾಲಿನೊಳಗೆ ಕಬ್ಬಿಣದ ಆಧಾರ ಕೊಟ್ಟು ನಿಲ್ಲಿಸಿದ. ಅವನಂಥವನಿಗೂ ಮೊದಲ ಎರಕ ಕೆಟ್ಟಿತ್ತು, ಎರಡನೆಯದು ಕೂಡಿಬಂತು.

ಇಷ್ಟೆಲ್ಲಾ ಹೇಳಿದ ಮೇಲೆ ಒಮ್ಮೆ ಒಬ್ಬ ನಿವೃತ್ತ ಮೇಷ್ಟ್ರು ಮೆಲ್ಲಗೆ ಬಾಯಿಬಿಟ್ಟರು. "ಅದಲ್ಲ ಸಾರ್, ಪಕ್ಕದೂರಿನ ಕುದುರೆ ಎರಡು ಕಾಲೆತ್ತಿದೆ. ನಮ್ಮದು ಸುಮ್ನೆ ನಿಂತಿದ್ರೆ ಜನ ಆಡ್ಕೋತಾರೆ." ನಗು ಬಂತು, ಆದರೆ ಅವರ ಮೇಲೆ ಪ್ರೀತಿಯೂ ಬಂತು. ಇದು ಒಪ್ಪತಕ್ಕ ಕಾರಣ ಅಲ್ವಾ? ಹೀಗೆ ನೇರವಾಗಿ ಹೇಳಿದರೆ ನಾನು ಖರ್ಚಿನ ಪಟ್ಟಿ ಹಾಕಿಕೊಡಬಹುದು.

ಒಂದು ಎಚ್ಚರಿಕೆ. ಒಂದೊಂದು ಪ್ರತಿಮೆಯ ಲೆಕ್ಕ ಒಂದೊಂದು ಥರ, ನಾನು ಇಲ್ಲಿ ಬರೆದದ್ದನ್ನೇ ನಂಬಿ ಯಾರೂ ಕಾಲೆತ್ತಿಸಬೇಡಿ. ಕಟ್ಟಡಗಳ ಭಾರ ಲೆಕ್ಕ ಹಾಕುವ ಎಂಜಿನಿಯರ್ ಪೀಠದ ಆಳ, ಒಳಗಿನ ಸ್ಟೀಲು, ಗೊರಸಿನ ಬೋಲ್ಟು ನೋಡಿ ಸಹಿ ಹಾಕಬೇಕು. ಅದೂ ಮಣ್ಣಿನ ಮಾದರಿ ಶುರುವಾಗುವ ಮೊದಲು. ಪೀಠ ಕಟ್ಟಿಸಿ, ಉದ್ಘಾಟನೆಯ ದಿನ ಗೊತ್ತುಮಾಡಿ, ಆಮೇಲೆ ಕಾಲೆತ್ತಿ ಎನ್ನುವವರಿಗೆ ನನ್ನ ಉತ್ತರ ಒಂದೇ: ನಾಲ್ಕೂ ನೆಲದ ಮೇಲೆ.