ವಿಸ್ಪರ್ ಬೀಕನ್: ಗದ್ದಲದ ಅಡಿಯಲ್ಲಿರೋ ಸಿಗ್ನಲ್ ಕೇಳಿಸೋದು ಹೇಗೆ?

ವಿಸ್ಪರ್ ಅಂದರೆ ತೀರಾ ಕಡಿಮೆ ಪವರ್‌ನಲ್ಲಿ ಚುಟುಕು ಸಂದೇಶ ಕಳಿಸುವ ಒಂದು ರೇಡಿಯೋ ವಿಧಾನ. ಮೊದಲ ಸಲ ಅದನ್ನು ಡಿಕೋಡ್ ಮಾಡಿದ ದಿನ ಎಸ್‌ಎನ್‌ಆರ್ (ಗದ್ದಲದ ಎದುರು ಸಿಗ್ನಲ್ ಎಷ್ಟು ಅನ್ನೋ ಅಳತೆ) ಕಾಲಮ್ಮಿನಲ್ಲಿ -24 ಅಂತ ಬಂತು. ಸಾಫ್ಟ್‌ವೇರ್ ಕೆಟ್ಟಿದೆ ಅಂದುಕೊಂಡೆ. ಮೈನಸ್ 24 ಡೆಸಿಬಲ್ ಅಂದರೆ ಸಿಗ್ನಲ್‌ಗಿಂತ ಗದ್ದಲವೇ ಸುಮಾರು 250 ಪಟ್ಟು ಜಾಸ್ತಿ. ಕಿವಿಗೆ ಏನೂ ಕೇಳುತ್ತಿರಲಿಲ್ಲ, ಬರೀ ಹುಸ್ಸ್ ಅನ್ನುವ ಸದ್ದು. ಆದರೂ ಕಂಪ್ಯೂಟರ್ ಒಂದು ಕಾಲ್‌ಸೈನ್ (ರೇಡಿಯೋ ಸ್ಟೇಷನ್ನಿನ ಗುರುತು) ಬರೆದು ಕೂತಿತ್ತು. ಇದು ಹೇಗೆ ಸಾಧ್ಯ ಅನ್ನೋದು ನನಗೆ ಅರ್ಥವಾಗಲು ತುಂಬಾ ದಿನ ಹಿಡಿಯಿತು. ಹ್ಯಾಮ್ ರೇಡಿಯೋ (ಹವ್ಯಾಸಿ ರೇಡಿಯೋ) ಈಗಷ್ಟೇ ಕಲಿಯುತ್ತಿರುವವರಿಗೆ ಅಷ್ಟು ದಿನ ಹಿಡಿಯದಿರಲಿ ಅಂತ ಈ ಟಿಪ್ಪಣಿ.

ಮೊದಲು ಹಿನ್ನೆಲೆ, ಚುಟುಕಾಗಿ. ವಿಸ್ಪರ್ 2008ರಲ್ಲಿ ಬಂತು. ಬರೆದವರು ಜೋ ಟೇಲರ್, ಕಾಲ್‌ಸೈನ್ ಕೆ1ಜೆಟಿ. ಜೋಡಿ ಪಲ್ಸಾರ್ (ಪಲ್ಸಾರ್ ಅಂದರೆ ಗಿರಗಿರನೆ ತಿರುಗುತ್ತಾ ರೇಡಿಯೋ ಮಿಡಿತ ಕಳಿಸುವ ನಕ್ಷತ್ರ) ಕಂಡುಹಿಡಿದದ್ದಕ್ಕೆ 1993ರಲ್ಲಿ ರಸೆಲ್ ಹಲ್ಸ್ ಜೊತೆ ಭೌತಶಾಸ್ತ್ರದ ನೊಬೆಲ್ ಪಡೆದವರು ಇವರೇ. ಗದ್ದಲದೊಳಗಿಂದ ಸಣ್ಣ ಮಿಡಿತವನ್ನು ಹೆಕ್ಕಿ ತೆಗೆಯೋದೇ ಪಲ್ಸಾರ್ ಹುಡುಕುವವರ ಕೆಲಸ, ಅಲ್ವಾ? ಆ ಅಭ್ಯಾಸವೇ ಇಲ್ಲಿಗೂ ಬಂದಿದೆ ಅಂತ ನನಗನ್ನಿಸುತ್ತೆ.

ವಿಸ್ಪರ್‌ನಲ್ಲಿ ಇಬ್ಬರು ಮಾತಾಡಿಕೊಳ್ಳುವುದಿಲ್ಲ. ಒಂದು ಸ್ಟೇಷನ್ ತನ್ನ ಕಾಲ್‌ಸೈನ್, ತಾನಿರುವ ಜಾಗ, ತನ್ನ ಪವರ್ ಇಷ್ಟನ್ನೇ ಕಳಿಸುತ್ತೆ. ಕೇಳಿಸಿಕೊಂಡವರ ಕಂಪ್ಯೂಟರ್ ಅದನ್ನು ಇಂಟರ್ನೆಟ್ಟಿನಲ್ಲಿರುವ ಒಂದು ಸಾರ್ವಜನಿಕ ಡೇಟಾಬೇಸಿಗೆ ಹಾಕುತ್ತೆ. ಅಷ್ಟೇ ಆಟ.

ಈಗ ಮುಖ್ಯ ವಿಷಯ: 50 ಬಿಟ್. ಒಂದು ಸಂದೇಶದ ಗಾತ್ರ ಪೂರ್ತಿ ಅಷ್ಟೇ. ಕಾಲ್‌ಸೈನಿಗೆ 28, ಜಾಗಕ್ಕೆ 15, ಪವರಿಗೆ 7. ಎಷ್ಟು ಸಣ್ಣದು ಅಂದರೆ, ನಾವು ಫೋನಿನಲ್ಲಿ ಕನ್ನಡದಲ್ಲಿ ‘ಸರಿ’ ಅಂತ ಟೈಪ್ ಮಾಡಿದರೆ ಅದೇ 72 ಬಿಟ್ ಆಗುತ್ತೆ. ಸ, ರ, ಗುಡಿಸು, ಮೂರಕ್ಕೂ ಮೂರು ಮೂರು ಬೈಟ್. ಅಂದರೆ ಒಂದು ‘ಸರಿ’ಗೂ ಇಲ್ಲಿ ಜಾಗ ಇಲ್ಲ.

ಹಾಗಾದರೆ ಆರು ಅಕ್ಷರದ ಕಾಲ್‌ಸೈನ್ 28 ಬಿಟ್ಟಿನಲ್ಲಿ ಹೇಗೆ ಹಿಡಿಯುತ್ತೆ? ಎಲ್ಲ ಜಾಗದಲ್ಲೂ ಎಲ್ಲ ಅಕ್ಷರಕ್ಕೂ ಅವಕಾಶ ಕೊಡುವುದಿಲ್ಲ. ಮೊದಲ ಜಾಗಕ್ಕೆ 37 ಆಯ್ಕೆ: 26 ಇಂಗ್ಲಿಷ್ ಅಕ್ಷರ, 10 ಅಂಕಿ, ಒಂದು ಖಾಲಿ. ಎರಡನೆಯದಕ್ಕೆ 36. ಮೂರನೆಯದು ಅಂಕಿಯೇ ಆಗಿರಬೇಕು, ಆದ್ದರಿಂದ 10. ಉಳಿದ ಮೂರಕ್ಕೆ ತಲಾ 27. ಎಲ್ಲ ಗುಣಿಸಿದರೆ 26,21,77,560. ಎರಡರ 28ನೇ ಘಾತ 26,84,35,456. ಸ್ವಲ್ಪದರಲ್ಲಿ ಹಿಡಿಯಿತು. ನಮ್ಮ ವಿಯು2, ವಿಯು3 ಕಾಲ್‌ಸೈನ್‌ಗಳಲ್ಲಿ ಮೂರನೆಯದು ಹೇಗೂ ಅಂಕಿಯೇ, ತೊಂದರೆ ಇಲ್ಲ. ಕೆ1ಜೆಟಿ ಥರದ್ದಕ್ಕೆ ಮುಂದೆ ಒಂದು ಖಾಲಿ ಜಾಗ ಸೇರಿಸಿ ಅಂಕಿಯನ್ನು ಮೂರನೇ ಜಾಗಕ್ಕೆ ತಳ್ಳುತ್ತಾರೆ.

ಜಾಗವನ್ನು ಭೂಪಟದ ಚೌಕವೊಂದರ ನಾಲ್ಕಕ್ಷರದ ಹೆಸರಾಗಿ ಕಳಿಸುತ್ತಾರೆ. ಆ ಲೆಕ್ಕ ಒಂದು ಸಲ ಕೈಯಲ್ಲೇ ಮಾಡಿ ನೋಡಿ, ಮರೆಯೋದಿಲ್ಲ. ಬೆಂಗಳೂರಿನ ರೇಖಾಂಶ 77.6. ಅದಕ್ಕೆ 180 ಕೂಡಿಸಿ, 257.6. ಇದರಲ್ಲಿ 20ರ ತುಂಡು 12 ಸಿಗುತ್ತೆ. ಸೊನ್ನೆಗೆ ‘ಎ’ ಅಂತ ಎಣಿಸಿದರೆ 12ಕ್ಕೆ ‘ಎಂ’. ಉಳಿದ 17.6ರಲ್ಲಿ 2ರ ತುಂಡು 8. ಅಕ್ಷಾಂಶ 12.97ಕ್ಕೆ 90 ಕೂಡಿಸಿ, 102.97. ಹತ್ತರ ತುಂಡು 10, ಅಂದರೆ ‘ಕೆ’. ಉಳಿದದ್ದರಲ್ಲಿ ಪೂರ್ಣಾಂಕ 2. ಒಟ್ಟಿಗೆ ಎಂಕೆ82. ಮೈಸೂರಿಗೂ ಇದನ್ನೇ ಮಾಡಿ, ಅದೂ ಎಂಕೆ82 ಬರುತ್ತೆ! ಈ ಚೌಕ ಸುಮಾರು 215 ಕಿ.ಮೀ. ಅಗಲ, 110 ಕಿ.ಮೀ. ಎತ್ತರ. ನಾಲ್ಕಕ್ಷರದ ಲೆಕ್ಕದಲ್ಲಿ ಬೆಂಗಳೂರಿಗೂ ಮೈಸೂರಿಗೂ ದೂರ ಸೊನ್ನೆ. ಮಂಗಳೂರು ಮಾತ್ರ ಎಂಕೆ72.

ಈ 50 ಬಿಟ್ಟನ್ನು ಹಾಗೇ ಕಳಿಸುವುದಿಲ್ಲ. ಕೊನೆಗೆ 31 ಸೊನ್ನೆ ಸೇರಿಸಿ 81 ಮಾಡುತ್ತಾರೆ. ಕನ್ವಲ್ಯೂಷನ್ ಕೋಡ್ (ತಪ್ಪು ತಿದ್ದಿಕೊಳ್ಳಲು ನೆರವಾಗುವ ಕೋಡ್) ಹಾಕಿದಾಗ ಒಂದೊಂದು ಬಿಟ್ಟಿಗೆ ಎರಡು ಹೊರಬಂದು 162 ಆಗುತ್ತೆ. ಆಮೇಲೆ ಅವುಗಳ ಕ್ರಮವನ್ನು ಕಲಸುತ್ತಾರೆ. ಮಧ್ಯದಲ್ಲಿ ಐದಾರು ಸೆಕೆಂಡು ಸಿಗ್ನಲ್ ಮುಳುಗಿ ಹೋದರೂ ನಷ್ಟ ಒಂದೇ ಕಡೆ ಗುಡ್ಡೆ ಬೀಳದೆ ಅಲ್ಲಲ್ಲಿ ಹಂಚಿಹೋಗಲಿ ಅಂತ.

ಇನ್ನೊಂದು ಉಪಾಯ ನನಗೆ ತುಂಬಾ ಹಿಡಿಸಿದ್ದು. ಈ 162 ಬಿಟ್‌ಗಳ ಪ್ರತಿಯೊಂದರ ಜೊತೆಗೂ ಒಂದು ಸಿಂಕ್ ಬಿಟ್ ಜೋಡಿಸುತ್ತಾರೆ. ಈ ಸಿಂಕ್ ಬಿಟ್‌ಗಳ ಸಾಲು ಎಲ್ಲ ಸ್ಟೇಷನ್ನಿಗೂ ಒಂದೇ, ಎಲ್ಲರಿಗೂ ಮೊದಲೇ ಗೊತ್ತು. ಎರಡು ಬಿಟ್ ಸೇರಿ ನಾಲ್ಕು ಸಾಧ್ಯತೆ, ಅದಕ್ಕೇ ನಾಲ್ಕು ಟೋನ್, ಒಂದೊಂದು ಒಂದೊಂದು ಫ್ರೀಕ್ವೆನ್ಸಿಯಲ್ಲಿ. ಕಳಿಸುವುದರಲ್ಲಿ ಅರ್ಧ ಭಾಗ ಗೊತ್ತಿರುವುದನ್ನೇ ಹೇಳೋದು! ದಂಡ ಅನ್ನಿಸುತ್ತೆ. ಆದರೆ ಮಿಕ್ಸಿ ಓಡುವಾಗ ಅಡುಗೆಮನೆಯಿಂದ ಅಮ್ಮ ಕೂಗಿದ್ದನ್ನು ನೆನೆಸಿಕೊಳ್ಳಿ. ಮಾತು ಸರಿಯಾಗಿ ಕೇಳಿಸಲ್ಲ, ಆದರೂ ‘ಹಾಲು ನೋಡೋ, ಉಕ್ಕುತ್ತೆ’ ಅಂತ ಗೊತ್ತಾಗುತ್ತೆ. ಆ ಹೊತ್ತಿಗೆ ಅವರು ಕೂಗೋದು ಎರಡು ಮೂರೇ ವಿಷಯಕ್ಕೆ, ಆ ರಾಗವೂ ಪರಿಚಯದ್ದೇ. ರಾಗ ಸಿಕ್ಕಿದರೆ ಮಾತು ಸಿಕ್ಕ ಹಾಗೆ. ಡಿಕೋಡರ್ ಕೂಡ ಮೊದಲು ಆ ಗೊತ್ತಿರುವ ಸಾಲನ್ನೇ ಹುಡುಕಿ, ಸಿಗ್ನಲ್ ಎಲ್ಲಿ ಶುರುವಾಯಿತು, ಯಾವ ಫ್ರೀಕ್ವೆನ್ಸಿಯಲ್ಲಿದೆ ಅಂತ ಪಕ್ಕಾ ಮಾಡಿಕೊಳ್ಳುತ್ತೆ.

ಒಂದೊಂದು ಟೋನ್ ಸುಮಾರು 0.68 ಸೆಕೆಂಡ್ ಇರುತ್ತೆ. 162 ಟೋನಿಗೆ 110.6 ಸೆಕೆಂಡ್. ಟೋನ್‌ಗಳ ನಡುವಿನ ಅಂತರ 1.46 ಹರ್ಟ್ಸ್, ಒಟ್ಟು ಅಗಲ ಸುಮಾರು 6 ಹರ್ಟ್ಸ್. ನನ್ನ ಮೈನಸ್ 24ರ ಒಗಟು ಬಿಡಿಸಿದ್ದು ಇದೇ. ಎಸ್‌ಎನ್‌ಆರ್ ಬರೆಯುವಾಗ 2500 ಹರ್ಟ್ಸ್ ಅಗಲದ ಗದ್ದಲವನ್ನೆಲ್ಲ ಲೆಕ್ಕಕ್ಕೆ ಹಿಡಿಯುತ್ತಾರೆ. ಅದು ಮನುಷ್ಯರ ಮಾತಿಗೆ ಬೇಕಾಗುವ ಅಗಲ. ಡಿಕೋಡರ್ ನೋಡುವುದು ಮಾತ್ರ 1.46 ಹರ್ಟ್ಸಿನ ಸಣ್ಣ ಕಿಂಡಿಯಿಂದ. 2500ನ್ನು 1.46ರಿಂದ ಭಾಗಿಸಿದರೆ ಸುಮಾರು 1700, ಡೆಸಿಬಲ್‌ನಲ್ಲಿ 32. ಆ ಕಿಂಡಿಯಲ್ಲಿ ನಿಂತು ನೋಡಿದರೆ -24 ಅನ್ನೋದು +8. ವಿಸ್ಪರ್‌ನ ಮಿತಿ ಹತ್ತಿರ ಹತ್ತಿರ -28 ಅಂತಾರೆ. ಅದೂ ಅಲ್ಲಿ +4. ಅಂದರೆ ಸಿಗ್ನಲ್ ಗದ್ದಲದ ‘ಕೆಳಗೆ’ ಇರಲೇ ಇಲ್ಲ. ನಾವು ಅಳೆದ ಪಾತ್ರೆ ದೊಡ್ಡದಿತ್ತು.

ಆದರೆ ಕಿಂಡಿ ಸಣ್ಣದಾದಷ್ಟೂ ಅಲುಗಾಡಬಾರದು. ಇಲ್ಲಿ ನಾನು ಎಡವಿದೆ. ಸಣ್ಣ ಸಿಂಥಸೈಸರ್ ಬೋರ್ಡಿನಲ್ಲಿ (ಬೇಕಾದ ಫ್ರೀಕ್ವೆನ್ಸಿ ಹುಟ್ಟಿಸುವ ಬೋರ್ಡ್) 200 ಮಿಲಿವ್ಯಾಟಿನ ಟ್ರಾನ್ಸ್‌ಮಿಟರ್ ಮಾಡಿ, ಡಬ್ಬಿ ಮುಚ್ಚದೆ ಮೇಜಿನ ಮೇಲೆ ಇಟ್ಟಿದ್ದೆ. ಮೇಲೆ ಫ್ಯಾನ್ ತಿರುಗುತ್ತಿತ್ತು. ಒಂದು ವಾರ ಯಾರೊಬ್ಬರಿಗೂ ನನ್ನ ಸಿಗ್ನಲ್ ಸಿಗಲಿಲ್ಲ. ಆಂಟೆನಾ ಬಿಚ್ಚಿದೆ, ಕಟ್ಟಿದೆ, ಬೆಸುಗೆ ಮತ್ತೆ ಹಾಕಿದೆ. ಕೊನೆಗೆ ಒಬ್ಬ ಹಿರಿಯ ಹ್ಯಾಮ್ ಕೇಳಿದರು: ‘ಅಲ್ಲಪ್ಪಾ, ಕ್ರಿಸ್ಟಲ್‌ಗೆ ಗಾಳಿ ಹೊಡೀತಿದೆಯಾ?’ ಫ್ರೀಕ್ವೆನ್ಸಿ ನಿಂತಿರೋದೇ ಆ ಕ್ರಿಸ್ಟಲ್ ಮೇಲೆ, ಅದು ಬಿಸಿ ತಣ್ಣಗಾದರೆ ಫ್ರೀಕ್ವೆನ್ಸಿಯೂ ಸರಿಯುತ್ತೆ. ಲೆಕ್ಕ ಹಾಕಿ ನೋಡಿದೆ. 14 ಮೆಗಾಹರ್ಟ್ಸಿನಲ್ಲಿ ಫ್ರೀಕ್ವೆನ್ಸಿ ಕೋಟಿಯಲ್ಲಿ ಒಂದು ಪಾಲು ಸರಿದರೆ 1.4 ಹರ್ಟ್ಸ್, ಅಂದರೆ ಹೆಚ್ಚುಕಡಿಮೆ ಒಂದು ಟೋನಿನಷ್ಟು. ಬೋರ್ಡನ್ನು ಒಂದು ಹಳೇ ಟಿಫಿನ್ ಡಬ್ಬಿಯಲ್ಲಿಟ್ಟು ಸುತ್ತ ಥರ್ಮಾಕೋಲ್ ತುರುಕಿದೆ. ಅವತ್ತು ಸಂಜೆಯೇ ಮೊದಲ ಸ್ಪಾಟ್ (ನನ್ನ ಸಿಗ್ನಲ್ ಕೇಳಿಸಿಕೊಂಡ ವರದಿ) ಬಂತು.

ಅಂದಹಾಗೆ, ಇಂಥ ಬೋರ್ಡಿನಿಂದ ಬರೋದು ಚೌಕಾಕಾರದ ಅಲೆ. ಲೋ ಪಾಸ್ ಫಿಲ್ಟರ್ (ಮೇಲಿನ ಫ್ರೀಕ್ವೆನ್ಸಿಗಳನ್ನು ತಡೆಯುವಂಥದ್ದು) ಇಲ್ಲದೆ ಆಂಟೆನಾಗೆ ಜೋಡಿಸಬೇಡಿ. 7.04 ಮೆಗಾಹರ್ಟ್ಸಿನಲ್ಲಿ ಕಳಿಸಿದರೆ ಮೂರನೇ ಹಾರ್ಮೋನಿಕ್, ಅಂದರೆ ಅದರ ಮೂರು ಪಟ್ಟು, 21.12ರಲ್ಲೂ ಕೂಗುತ್ತಿರುತ್ತೆ. ಲೈಸೆನ್ಸ್ ಇಲ್ಲದೆ ಟ್ರಾನ್ಸ್‌ಮಿಟ್ ಮಾಡುವ ಮಾತೇ ಇಲ್ಲ.

ಗಡಿಯಾರವೂ ಅಷ್ಟೇ ಮುಖ್ಯ. ಯುಟಿಸಿಯ, ಅಂದರೆ ಜಾಗತಿಕ ಪ್ರಮಾಣ ಸಮಯದ, ಸಮಸಂಖ್ಯೆಯ ನಿಮಿಷ ಶುರುವಾಗಿ ಒಂದು ಸೆಕೆಂಡಿಗೆ ಪ್ರಸಾರ ಆರಂಭ. ನಮ್ಮ ಸಮಯ ಐದೂವರೆ ಗಂಟೆ ಮುಂದೆ, 30 ಸಮಸಂಖ್ಯೆ, ಹಾಗಾಗಿ ಗೋಡೆ ಗಡಿಯಾರದ ಸಮ ನಿಮಿಷವೇ ಅಲ್ಲಿಯ ಸಮ ನಿಮಿಷ. ತಲೆಬಿಸಿ ಇಲ್ಲ.

ಈಗ ಒಂದು ಡಿಕೋಡ್ ಸಾಲು ಓದೋಣ. ಉದಾಹರಣೆಗೆ ಸುಮ್ನೆ ನಾನೇ ಬರೆದದ್ದು: 1432, -18, 0.6, 14.097083, 0, ಆಮೇಲೆ ಕಾಲ್‌ಸೈನ್, ಎಂಕೆ82, 23. ಮೊದಲನೆಯದು ಯುಟಿಸಿ, ನಮ್ಮಲ್ಲಿ ರಾತ್ರಿ 8 ಗಂಟೆ 2 ನಿಮಿಷ. ನಂತರ ಎಸ್‌ಎನ್‌ಆರ್, ಗಡಿಯಾರದ ವ್ಯತ್ಯಾಸ, ಫ್ರೀಕ್ವೆನ್ಸಿ, ಡ್ರಿಫ್ಟ್ (ಫ್ರೀಕ್ವೆನ್ಸಿ ಎಷ್ಟು ಸರಿಯಿತು ಅನ್ನೋದು). ಕೊನೆಯ 23 ಅಂದರೆ 23 ಡಿಬಿಎಂ (ಒಂದು ಮಿಲಿವ್ಯಾಟಿಗೆ ಹೋಲಿಸಿದ ಡೆಸಿಬಲ್), ಅದೇ 200 ಮಿಲಿವ್ಯಾಟ್. ಮಜಾ ಇರೋದು ಇಲ್ಲಿ. -18ರಿಂದ -28ರವರೆಗೆ ಇನ್ನೂ 10 ಡೆಸಿಬಲ್ ಉಳಿದಿದೆ. ಹಾಗಾದರೆ ಆ ಹೊತ್ತಿಗೆ, ಆ ದಾರಿಗೆ, 20 ಮಿಲಿವ್ಯಾಟ್ ಸಾಕಿತ್ತು. 5 ವ್ಯಾಟ್ ಇದ್ದಿದ್ದರೆ 14 ಡೆಸಿಬಲ್ ಜಾಸ್ತಿ, ಅಂದರೆ -4. ಎಫ್‌ಟಿ8ಗೆ (ಇಬ್ಬರು ಸಂದೇಶ ವಿನಿಮಯ ಮಾಡಿಕೊಳ್ಳುವ ಇನ್ನೊಂದು ವಿಧಾನ) -21 ಇದ್ದರೂ ನಡೆಯುತ್ತೆ, ಆ ದಾರಿಯಲ್ಲಿ ಮಾತುಕತೆಯೇ ಆಗಬಹುದಿತ್ತು. ಒಂದು ಸಾಲಿನಿಂದ ಇಷ್ಟೆಲ್ಲ ತೆಗೆಯಬಹುದು.

ಹಾಗಂತ ಇಲ್ಲದ್ದನ್ನೂ ತೆಗೆಯೋಕೆ ಹೋಗಬಾರದು. 2014ರ ಮಾರ್ಚ್ 8ರಂದು ಕಾಣೆಯಾದ ಎಂಎಚ್370 ವಿಮಾನದ ದಾರಿ ಹಳೆಯ ವಿಸ್ಪರ್ ದಾಖಲೆಗಳಲ್ಲಿ ಇದೆ ಅಂತ ಕೆಲವರು ವಾದಿಸುತ್ತಾರೆ. ಟೇಲರ್ ಅದನ್ನು ಒಪ್ಪಿಲ್ಲ, ನನಗೂ ನಂಬಿಕೆ ಇಲ್ಲ. ದಾಖಲೆಯಲ್ಲಿ ಇರೋದು ಎರಡು ನಿಮಿಷಕ್ಕೊಂದು ಪೂರ್ಣಾಂಕದ ಎಸ್‌ಎನ್‌ಆರ್. ರೇಡಿಯೋ ಅಲೆಗಳನ್ನು ಬಗ್ಗಿಸಿ ಕೆಳಕ್ಕೆ ಕಳಿಸುವ ಮೇಲಿನ ವಾತಾವರಣ, ಅಂದರೆ ಅಯಾನುಗೋಳ, ತನ್ನಷ್ಟಕ್ಕೆ ಅದನ್ನು ಹತ್ತು ಡೆಸಿಬಲ್ ಮೇಲೆ ಕೆಳಗೆ ಮಾಡುತ್ತೆ. ಸಾವಿರಾರು ಕಿ.ಮೀ. ದೂರದ ವಿಮಾನದಿಂದ ಚದುರಿ ಬಂದ ಚೂರನ್ನು ಅದರಲ್ಲಿ ಎಲ್ಲಿ ಹುಡುಕೋದು?

ದಕ್ಷಿಣ ಭಾರತದಲ್ಲಿರುವ ನಮಗೆ ಇನ್ನೊಂದು ವಿಶೇಷ. ಭೂಮಿಯ ಕಾಂತೀಯ ಸಮಭಾಜಕ ನಮ್ಮ ಹತ್ತಿರವೇ ಹಾದುಹೋಗುತ್ತೆ. 1963ರಲ್ಲಿ ರಾಕೆಟ್ ಹಾರಿಸಲು ಕೇರಳದ ತುಂಬಾವನ್ನು ಆರಿಸಿದ್ದೂ ಅದಕ್ಕೇ. ಇಲ್ಲಿ ಸೂರ್ಯ ಮುಳುಗಿದ ಮೇಲೆ ಕೆಲವು ದಿನ ಅಯಾನುಗೋಳದ ಮೇಲಿನ ಪದರ ಗುಳ್ಳೆಗುಳ್ಳೆಯಾಗಿ ಒಡೆಯುತ್ತೆ. ಆಗ ಟೋನ್ ನೆಟ್ಟಗೆ ಬರದೆ ಹರಡಿಕೊಳ್ಳುತ್ತೆ. ವಾಟರ್‌ಫಾಲ್‌ನಲ್ಲಿ (ಸಿಗ್ನಲ್‌ಗಳನ್ನು ಗೆರೆಗಳಾಗಿ ತೋರಿಸುವ ಪರದೆ) ಗೆರೆ ದಪ್ಪಗೆ, ಮಸುಕಾಗಿ, ಚೆನ್ನಾಗೇ ಕಾಣಿಸುತ್ತಿರುತ್ತೆ, ಆದರೂ ಡಿಕೋಡ್ ಆಗಲ್ಲ. ಹರಡಿದ್ದು 1.46 ಹರ್ಟ್ಸ್‌ಗಿಂತ ಜಾಸ್ತಿಯಾದರೆ ಪಕ್ಕದ ಟೋನಿನೊಳಗೆ ಕಲೆಸಿಹೋಗುತ್ತೆ, ಪವರ್ ಏರಿಸಿ ಪ್ರಯೋಜನ ಇಲ್ಲ. ಸಂಜೆ 7ರಿಂದ 10ರವರೆಗೆ ಹೀಗಾದರೆ ರಿಗ್ಗನ್ನು (ರೇಡಿಯೋ ಸೆಟ್ಟನ್ನು) ಬೈಯಬೇಡಿ.

ಬೈಯಬೇಕಾದದ್ದು ಮನೆಯೊಳಗಿನ ಗದ್ದಲವನ್ನು. ಮೊನ್ನೆ ನಮ್ಮ ಬೀದಿಯಲ್ಲಿ ಕರೆಂಟ್ ಹೋಯಿತು. ಲ್ಯಾಪ್‌ಟಾಪ್, ರಿಸೀವರ್ ಎರಡೂ ಬ್ಯಾಟರಿಯಲ್ಲಿ ಓಡುತ್ತಿದ್ದವು. ಎಲ್‌ಇಡಿ ಬಲ್ಬು, ಚಾರ್ಜರ್, ಪಕ್ಕದ ಮನೆಯ ಟಿವಿ ಎಲ್ಲ ಒಟ್ಟಿಗೆ ಸುಮ್ಮನಾದವು. ವಾಟರ್‌ಫಾಲ್ ಕಪ್ಪಾಯಿತು, ಅದರಲ್ಲಿ ಅದುವರೆಗೆ ಕಾಣದ ನಾಲ್ಕು ತೆಳು ಗೆರೆ ಮೂಡಿದವು. ಎರಡು ನಿಮಿಷ ಮುಗಿದಾಗ ನಾಲ್ಕೂ ಡಿಕೋಡ್ ಆದವು. ಮುಂದಿನ ಸುತ್ತು ಅರ್ಧಕ್ಕೆ ಬರುವಷ್ಟರಲ್ಲಿ ಕರೆಂಟ್ ಬಂತು. ಮನೆಯವರೆಲ್ಲ ಖುಷಿಪಟ್ಟರು, ನನ್ನನ್ನು ಬಿಟ್ಟು.