ಲಾಗಿನ್ ಆದ ನೇಕಾರರ ಊರು, ಮೊಬೈಲ್, ಮಗ್ಗ: ಎಲ್ಲಿ ಇಡಬೇಕು?

ಪ್ರಶ್ನೆ: ಇಳಕಲ್ಲ ಸೀರೆ ನೇಕಾರರಿಗೆ ಆರ್ಡರ್ ಹಂಚಾಕ ಪೈಥಾನ್‌ನ ಜಾಂಗೊ ಫ್ರೇಮ್‌ವರ್ಕ್‌ನ್ಯಾಗ ಒಂದು ವೆಬ್ ಆ್ಯಪ್ ಮಾಡಾಕತ್ತೀನ್ರಿ. ಲಾಗಿನ್ ಆದವರು ಯಾರಂತ ವ್ಯೂ ಒಳಗ ಹೆಂಗ ತಿಳೀತದ? ಊರು, ಮೊಬೈಲ್, ಮಗ್ಗದ ವಿವರಕ್ಕ ಯೂಸರ್ ಟೇಬಲ್‌ನ್ಯಾಗ ಜಾಗಾನ ಇಲ್ಲಲ್ರಿ, ಅವನ್ನ ಎಲ್ಲಿ ಇಡಬೇಕು?

ಉತ್ತರ: ಮೊದಲನೆಯದು ಸುಲಭ. ರಿಕ್ವೆಸ್ಟ್ ಡಾಟ್ ಯೂಸರ್ ಅಂದರೆ ಆಯಿತು. ಟೆಂಪ್ಲೇಟ್‌ನಲ್ಲಿ ಬರೀ ಯೂಸರ್ ಸಾಕು.

ಲಾಗಿನ್ ಆದಾಗ ಬ್ರೌಸರ್‌ಗೆ ಒಂದು ಕುಕಿ ಹೋಗುತ್ತದೆ. ಅದರಲ್ಲಿ ಹೆಸರೂ ಇರಲ್ಲ, ಪಾಸ್‌ವರ್ಡೂ ಇರಲ್ಲ, ಉದ್ದನೆಯ ಒಂದು ಸೆಷನ್ ಕೀ ಅಷ್ಟೇ. ನೀವು ಬದಲಿಸದಿದ್ದರೆ ಅದರ ಆಯುಷ್ಯ 2 ವಾರ. ಪ್ರತಿ ಸಲ ಪೇಜ್ ಕೇಳಿದಾಗಲೂ, ವ್ಯೂಗಿಂತ ಮುಂಚೆ ಓಡುವ ಸೆಷನ್ ಮಿಡಲ್‌ವೇರ್ ಆ ಕೀ ನೋಡಿ ಸೆಷನ್ ಹುಡುಕುತ್ತದೆ. ಅಥೆಂಟಿಕೇಶನ್ ಮಿಡಲ್‌ವೇರ್ ಅದರಿಂದ ಯೂಸರ್ ಯಾರೆಂದು ಹೇಳುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸೆಷನ್ನಿನದು ಮೇಲೆ, ಅಥೆಂಟಿಕೇಶನ್ನಿನದು ಕೆಳಗೆ ಇರಬೇಕು.

ಲಾಗಿನ್ ಆಗದವರಿಗೆ ಯೂಸರ್ ಖಾಲಿ ಇರುತ್ತದೆ ಅಂದುಕೊಳ್ಳಬೇಡಿ. ಅಲ್ಲಿ ಅನಾನಿಮಸ್ ಯೂಸರ್ ಅಂತ ಒಂದು ಆಬ್ಜೆಕ್ಟ್ ಕೂತಿರುತ್ತದೆ. ಹಾಗಾಗಿ ‘ಯೂಸರ್ ಇದ್ದರೆ’ ಅಂತ ಚೆಕ್ ಮಾಡಿದರೆ ಎಲ್ಲರೂ ಒಳಗೆ ಬರ್ತಾರೆ! ಈಸ್ ಅಥೆಂಟಿಕೇಟೆಡ್ ನೋಡಿ. ಹಳೆ ಪಾಠಗಳಲ್ಲಿ ಅದರ ಮುಂದೆ ಆವರಣ ಚಿಹ್ನೆ ಇರುತ್ತದೆ. ಜಾಂಗೊ 1.10ರಿಂದ ಅದು ಬೇಕಿಲ್ಲ, 2.0ರಿಂದ ಹಾಕಿದರೆ ಎರರ್ ಬರುತ್ತದೆ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳ್ತೀನಿ. ಆರ್ಡರ್ ಫಾರ್ಮ್‌ನಲ್ಲಿ ನೇಕಾರರ ಐಡಿಯನ್ನು ಹಿಡನ್ ಫೀಲ್ಡ್ ಆಗಿ ಕಳಿಸಿ, ಅದನ್ನೇ ನಂಬಿ ಸೇವ್ ಮಾಡಬೇಡಿ. ಬ್ರೌಸರ್‌ನಲ್ಲಿ 14 ಇದ್ದದ್ದನ್ನು 15 ಮಾಡೋದು ಯಾರಿಗೆ ಬರಲ್ಲ? ಪಕ್ಕದ ಮನೆಯವರ ಆರ್ಡರ್ ಇವರ ಪಾಲಾಗುತ್ತದೆ. ಯಾರು ಅನ್ನೋದನ್ನು ರಿಕ್ವೆಸ್ಟ್ ಡಾಟ್ ಯೂಸರ್‌ನಿಂದಲೇ ತಗೊಳ್ಳಿ.

ಈಗ ಎರಡನೇ ಪ್ರಶ್ನೆ, ಕೆಲಸ ಜಾಸ್ತಿ ಇರೋದೇ ಇಲ್ಲಿ. ನಾನು ಹಾಕುವ ಗೆರೆ ಇದು: ಲಾಗಿನ್‌ಗೆ ಬೇಕಾದದ್ದು ಯೂಸರ್ ಟೇಬಲ್‌ಗೆ, ಕಸುಬಿಗೆ ಸೇರಿದ್ದು ಬೇರೆ ಟೇಬಲ್‌ಗೆ.

ಊರು, ಕೈಮಗ್ಗವೋ ಪವರ್‌ಲೂಮೋ ಅನ್ನೋದು ಪ್ರೊಫೈಲ್ ಮಾಡೆಲ್‌ಗೆ ಹೋಗಲಿ. ಅದನ್ನು ಒನ್ ಟು ಒನ್ ಫೀಲ್ಡ್‌ನಿಂದ ಯೂಸರ್‌ಗೆ ಜೋಡಿಸಿ. ಆಮೇಲೆ ರಿಕ್ವೆಸ್ಟ್ ಡಾಟ್ ಯೂಸರ್ ಡಾಟ್ ಪ್ರೊಫೈಲ್ ಡಾಟ್ ಊರು ಅಂತ ನೇರವಾಗಿ ಓದಬಹುದು.

ಮಗ್ಗದ ಮಾತು ಬೇರೆ. ಮನೆಯಲ್ಲಿ ಮೂರು ಮಗ್ಗ ಇರಬಹುದು. ಒಂದರಲ್ಲಿ ಚಿಕ್ಕಿ ಪರಾಸ್ ದಡಿ, ಇನ್ನೊಂದರಲ್ಲಿ ಗೋಮಿ ದಡಿ, ಮೂರನೆಯದು ಸುಮ್ನೆ ನಿಂತಿದೆ. ಪ್ರೊಫೈಲ್‌ನಲ್ಲಿ ಮಗ್ಗ 1, ಮಗ್ಗ 2 ಅಂತ ಕಾಲಮ್ ಮಾಡುತ್ತಾ ಹೋದರೆ ನಾಲ್ಕನೇ ಮಗ್ಗ ಬಂದಾಗ ಕೋಡ್ ಬಿಚ್ಚಬೇಕು. ಮಗ್ಗಕ್ಕೇ ಒಂದು ಮಾಡೆಲ್ ಮಾಡಿ, ಅದು ಯಾರದು ಅಂತ ಹೇಳೋಕೆ ಪ್ರೊಫೈಲ್‌ಗೆ ಫಾರಿನ್ ಕೀ ಕೊಡಿ. ಯಾವ ಮಗ್ಗ ಖಾಲಿ ಇದೆಯೋ ಅದಕ್ಕೆ ಆರ್ಡರ್ ಹಾಕುವುದೂ ಆಗ ಸಲೀಸು.

ಮೊಬೈಲ್ ನಂಬರ್ ಬರೀ ಫೋನ್ ಮಾಡೋಕೆ ಆದರೆ ಪ್ರೊಫೈಲ್‌ನಲ್ಲಿರಲಿ. ಅದರಿಂದಲೇ ಲಾಗಿನ್ ಆಗಬೇಕಾ? ಹಾಗಾದರೆ ಸ್ವಂತ ಯೂಸರ್ ಮಾಡೆಲ್ ಬೇಕು. ಜಾಂಗೊ ಕೊಡುವ ಅಬ್‌ಸ್ಟ್ರಾಕ್ಟ್ ಯೂಸರ್‌ನಿಂದ ಒಂದು ಮಾಡೆಲ್ ಬರೆದು ಸೆಟ್ಟಿಂಗ್ಸ್‌ನಲ್ಲಿ ಅದರ ಹೆಸರು ಹೇಳಿ. ಆದರೆ ನಂಬರ್ ಯೂನಿಕ್ ಆಗಿರಬೇಕಾಗುತ್ತದೆ. ಅಪ್ಪ, ಮಗ ಇಬ್ಬರೂ ಒಂದೇ ಫೋನ್ ಬಳಸುವ ಮನೆಗಳಿಗೆ ಏನು ಮಾಡ್ತೀರಿ ಅಂತ ಮೊದಲೇ ಯೋಚಿಸಿ.

ಪ್ರೊಫೈಲ್ ತಾನಾಗಿ ಹುಟ್ಟುವುದಿಲ್ಲ. ಮೊದಲೇ ಸೇರಿದ್ದ ಯೂಸರ್‌ಗಳಿಗೆ ಪ್ರೊಫೈಲ್ ಇಲ್ಲದೆ ಪೇಜ್ ಬಿದ್ದುಹೋಗುತ್ತದೆ, ಸಾಮಾನ್ಯವಾಗಿ ಮೊದಲು ಸಿಕ್ಕಿಬೀಳೋದು ನಿಮ್ಮದೇ ಅಡ್ಮಿನ್ ಖಾತೆ. ಇದ್ದರೆ ತರುವ, ಇಲ್ಲದಿದ್ದರೆ ಹುಟ್ಟಿಸುವ ಗೆಟ್ ಆರ್ ಕ್ರಿಯೇಟ್ ಬಳಸಿದರೆ ಆ ತಲೆನೋವಿಲ್ಲ. ಪಟ್ಟಿಯ ಪೇಜ್‌ನಲ್ಲಿ, ಯೂಸರ್ ಜೊತೆಗೇ ಪ್ರೊಫೈಲನ್ನೂ ಒಂದೇ ಕ್ವೆರಿಯಲ್ಲಿ ತರುವ ಸೆಲೆಕ್ಟ್ ರಿಲೇಟೆಡ್ ಹಾಕದಿದ್ದರೆ 200 ಜನರ ಊರು ತೋರಿಸೋಕೆ 201 ಕ್ವೆರಿ ಓಡುತ್ತವೆ.

ಇನ್ನೂ ಮೊದಲ ಮೈಗ್ರೇಶನ್ (ಡೇಟಾಬೇಸ್‌ನಲ್ಲಿ ಟೇಬಲ್ ಕಟ್ಟುವ ಹೆಜ್ಜೆ) ಓಡಿಸಿಲ್ಲ ಅಂದರೆ, ಈಗ ಬೇಕಿರಲಿ ಬಿಡಲಿ, ಸ್ವಂತ ಯೂಸರ್ ಮಾಡೆಲ್‌ನಿಂದಲೇ ಶುರು ಮಾಡಿ. ಒಳಗೆ ಬರೀ ಪಾಸ್ ಅಂತ ಬರೆದರೂ ನಡೆಯುತ್ತದೆ. ಜಾಂಗೊದವರ ಸಲಹೆಯೂ ಬಹಳ ಕಾಲ ಇದೇ ಆಗಿತ್ತು. ಈಗಾಗಲೇ ನೇಕಾರರು ಸೇರಿ ಆರ್ಡರ್ ಓಡಾಡುತ್ತಿದ್ದರೆ ಮಾತ್ರ ಯೂಸರ್ ಟೇಬಲ್ ಮುಟ್ಟಬೇಡಿ. ಎಲ್ಲ ಫಾರಿನ್ ಕೀಗಳೂ ಅದಕ್ಕೇ ನೇತಾಡುತ್ತಿರುತ್ತವೆ. ನಿಮಗೆ ಪ್ರೊಫೈಲ್ ಸಾಕು.