ಪದ ಪರಿಚಯ: ಸಲಹೆಯ ತೂಕ

ಉಡುಪಿ ಹತ್ತಿರ ಹಿರಿಯಡಕದಲ್ಲಿ ಒಬ್ಬರು ಬಾವಿ ತೋಡಿಸಲು ಹೊರಟಿದ್ದಾರೆ ಅಂದುಕೊಳ್ಳಿ. ಮುರಕಲ್ಲಿನ ಜಾಗ. ಮೇ ತಿಂಗಳಲ್ಲೂ ನೀರು ಬತ್ತಬಾರದು ಅಂದರೆ 30 ಅಡಿ ಸಾಕು ಅಂತ ಅವರ ಲೆಕ್ಕ. ಪಕ್ಕದ ಮನೆಯವರು 40 ಬೇಕು ಅನ್ನುತ್ತಾರೆ. ಇವರು ಯೋಚಿಸಿ 33ಕ್ಕೆ ಬರುತ್ತಾರೆ. 10 ಅಡಿ ಅಂತರದಲ್ಲಿ ಜರುಗಿದ್ದು 3 ಅಡಿ, ಅಂದರೆ ಶೇ. 30. ಮನಶ್ಶಾಸ್ತ್ರದಲ್ಲಿ ಇದನ್ನೇ ‘ಸಲಹೆಯ ತೂಕ’ ಅನ್ನುತ್ತಾರೆ. ಪೂರ್ತಿ ಒಪ್ಪಿದರೆ 100, ಕಿವಿಗೇ ಹಾಕಿಕೊಳ್ಳದಿದ್ದರೆ 0.

ಈ 30 ಸುಮ್ನೆ ಹಾಕಿದ ಸಂಖ್ಯೆ ಅಲ್ಲ. ಹಲವು ಪ್ರಯೋಗಗಳಲ್ಲಿ ಸರಾಸರಿ ಹೆಚ್ಚುಕಡಿಮೆ ಇಷ್ಟೇ ಬಂದಿದೆ. ನಮ್ಮ ಲೆಕ್ಕದ ಹಿಂದಿನ ಕಾರಣ ನಮಗೆ ಗೊತ್ತು, ಇನ್ನೊಬ್ಬರದ್ದು ಕಾಣುವುದಿಲ್ಲ. ಅದಕ್ಕೇ ನಮ್ಮದೇ ಗಟ್ಟಿ ಅನ್ನಿಸುತ್ತದೆ.

ನಾಲ್ಕು ಜನರನ್ನು ಕೇಳಿದರೆ ಸರಿಹೋಗುತ್ತದೆ ಅಲ್ವಾ? ನಿಜವಾದ ತೊಡಕು ಶುರುವಾಗುವುದೇ ಅಲ್ಲಿ. ಉತ್ತರ ಬಂದದ್ದು 34, 40, 42, 45 ಅಂತಿಟ್ಟುಕೊಳ್ಳಿ. 30 ಅಂದುಕೊಂಡಿದ್ದವರಿಗೆ 34 ಹೇಳಿದವರೇ ತಿಳಿದವರಾಗಿ ಕಾಣುತ್ತಾರೆ. ‘ನೋಡಿ, ನಾನೂ ಅದನ್ನೇ ಹೇಳಿದ್ದು!’ ಉಳಿದ ಮೂವರ ಮಾತು ಬದಿಗೆ ಸರಿಯುತ್ತದೆ. ಇಲಾನ್ ಯಾನಿವ್ ಮತ್ತು ಮ್ಯಾಕ್ಸಿಮ್ ಮಿಲ್ಯಾವ್ಸ್ಕಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಇದೇ: ಹಲವು ಸಲಹೆ ಸಿಕ್ಕಾಗ ಜನ ತಮ್ಮ ಅಭಿಪ್ರಾಯದಿಂದ ದೂರ ಇರುವುದನ್ನು ಕೈಬಿಡುತ್ತಾರೆ. ಬಿಡುವುದಿದ್ದರೆ ಉಳಿದವರೆಲ್ಲರಿಂದ ದೂರ ನಿಂತದ್ದನ್ನು ಬಿಡಬೇಕು. ಇಲ್ಲಿ ಹಾಗೆ ದೂರ ಇರುವುದು ಬಾವಿ ತೋಡಿಸುವವರ 30 ಅಡಿಯೇ! ಅದನ್ನೂ ಸೇರಿಸಿ ಐದನ್ನು ಸಾಲಾಗಿ ಬರೆದರೆ ನಡುವೆ ಬರುವುದು 40.

ನಡುವಿನ ಸಂಖ್ಯೆಗೆ ಎಷ್ಟು ಬಲ ಇದೆ ಅಂತ ಬ್ರಿಟಿಷ್ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1907ರಲ್ಲೇ ಬರೆದಿದ್ದರು. ಇಂಗ್ಲೆಂಡಿನ ಪ್ಲಿಮತ್ ಜಾತ್ರೆಯಲ್ಲಿ ಎತ್ತಿನ ಮಾಂಸದ ತೂಕ ಊಹಿಸುವ ಸ್ಪರ್ಧೆ. 787 ಚೀಟಿಗಳ ನಡುವಿನ ಊಹೆಗೂ ನಿಜವಾದ ತೂಕಕ್ಕೂ ಶೇ. 1ರಷ್ಟೂ ವ್ಯತ್ಯಾಸ ಇರಲಿಲ್ಲ. ಆದರೆ ಅಲ್ಲಿ ಒಬ್ಬೊಬ್ಬರೂ ತಮ್ಮ ಊಹೆಯನ್ನು ತಾವೇ ಚೀಟಿಯಲ್ಲಿ ಬರೆದು ಕೊಟ್ಟಿದ್ದರು. ನಮ್ಮೂರಲ್ಲಿ ನಾಲ್ವರೂ ಒಬ್ಬನೇ ಬಾವಿ ತೋಡುವವನಿಂದ ಕೇಳಿ ಹೇಳಿದರೆ ಅದು ಒಂದೇ ಸಲಹೆ. ಹಾಗಾಗಿ ಬೇರೆ ಬೇರೆಯಾಗಿ ಕೇಳಿ, ಕೇಳುವಾಗ ಇನ್ನೊಬ್ಬರ ಲೆಕ್ಕ ಬಾಯಿಬಿಡಬೇಡಿ. ನಿಮ್ಮದನ್ನೂ ಅಷ್ಟೇ.